ಮೂವತ್ತೆರಡು ಜಂಪರ್ ಪೀಸು, ಒಂದು ಕತ್ತರಿ

ಪರಿಸರ ಉಳಿಸುವುದು ಎರಡು ತಾಸಿನ ಕೆಲಸ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಕತ್ತರಿ ಹರಿತವಾಗಿದ್ದರೆ ಒಂದೂವರೆ ತಾಸು!

ಈ ನಂಬಿಕೆ ನನಗೆ ಹುಟ್ಟಿದ್ದು ನಮ್ಮೂರು ಅಂಕಲಿಯ ಶಾಲೆಯ ಅಂಗಳದಲ್ಲಿ, ಕೈಯಲ್ಲಿ ಮೈಕು ಇದ್ದಾಗ. ಮೈಕು ಹಿಡಿದಾಗ ಹುಟ್ಟುವ ನಂಬಿಕೆಗಳನ್ನು ಮೈಕಿನ ಜೊತೆಗೇ ವಾಪಸು ಕೊಟ್ಟುಬಿಡಬೇಕು. ಇದು ಈಗಿನ ತಿಳಿವಳಿಕೆ. ಆಗ ಇರಲಿಲ್ಲ.

ನನ್ನ ಹೆಸರು ಪರಶುರಾಮ. ಊರಿಗೆ ಪರಶ್ಯಾ. ಡಿಗ್ರಿ ಮುಗಿದಿದೆ. ಯಾರಾದರೂ ಕೇಳಿದರೆ, ಮನೆಯ ಕಬ್ಬು ನೋಡಿಕೊಳ್ಳುತ್ತಿದ್ದೇನೆ ಎನ್ನುತ್ತೇನೆ. ಅಪ್ಪನನ್ನು ಕೇಳಿದರೆ, ಕಬ್ಬೇ ನನ್ನನ್ನು ನೋಡಿಕೊಳ್ಳುತ್ತಿದೆ ಎನ್ನುತ್ತಾನೆ. ನನಗೆ ನೆಟ್ಟಗೆ ಬರುವ ವಿದ್ಯೆ ಒಂದೇ, ಮಿಮಿಕ್ರಿ. ಎರಡು ಟ್ರೇಲರ್ ಕಬ್ಬು ಹೊತ್ತ ಟ್ರ್ಯಾಕ್ಟರ್ ಏರು ಹತ್ತುವಾಗಿನ ಏದುಸಿರು, ಹಾಲಿನಲ್ಲಿ ಫ್ಯಾಟ್ ಕಡಿಮೆ ಎಂದು ಹೇಳುವಾಗ ಡೇರಿ ಸೆಕ್ರೆಟರಿಯ ದನಿಯಲ್ಲಿ ಬರುವ ದುಃಖ, ಫೋನಿನಲ್ಲಿ ಮರಾಠಿ ಮಾತಾಡುವಾಗ ಎದುರಿನವನು ಕಿವುಡನೇನೋ ಎಂಬಂತೆ ಅಪ್ಪ ಕೂಗುವುದು, ಎಲ್ಲವೂ ನನ್ನ ಗಂಟಲಿನಲ್ಲಿವೆ. ನನ್ನದೇ ಧ್ವನಿ ಹೇಗಿದೆ ಎಂಬುದು ಮಾತ್ರ ಸರಿಯಾಗಿ ನೆನಪಿಲ್ಲ.

ಪಂಚಾಯಿತಿಯವರು ಪ್ಲಾಸ್ಟಿಕ್ ವಿರುದ್ಧ ಕಾರ್ಯಕ್ರಮ ಇಟ್ಟುಕೊಂಡಾಗ, ಜನ ಎದ್ದು ಹೋಗದಿರಲಿ ಎಂಬ ಏಕೈಕ ಉದ್ದೇಶದಿಂದ ನನ್ನನ್ನು ಕರೆದರು. ಕ್ಯಾರಿಬ್ಯಾಗು ನುಂಗಿದ ಎಮ್ಮೆ ಡಾಕ್ಟರರ ಮುಂದೆ ಅಳಲು ತೋಡಿಕೊಳ್ಳುವುದನ್ನು ನಾನು ಎಮ್ಮೆಯ ಧ್ವನಿಯಲ್ಲೇ ಹೇಳಿದೆ. ಚಪ್ಪಾಳೆಯೋ ಚಪ್ಪಾಳೆ! ಅಲ್ಲಿಗೆ ಇಳಿಯಬೇಕಿತ್ತು. ಇಳಿಯಲಿಲ್ಲ. ಗಂಟಲು ಸರಿಪಡಿಸಿಕೊಂಡು, "ಇಂದಿನಿಂದ ನಮ್ಮ ಮನೆಯ ಹೊಸ್ತಿಲೊಳಗೆ ಒಂದೇ ಒಂದು ಕ್ಯಾರಿಬ್ಯಾಗು ಕಾಲಿಡುವುದಿಲ್ಲ!" ಎಂದು ಘೋಷಿಸಿದೆ. ಮತ್ತೆ ಚಪ್ಪಾಳೆ. ಚಪ್ಪಾಳೆ ತಟ್ಟದೆ ಕುಳಿತವಳು ಅವ್ವ ಒಬ್ಬಳೇ. ಅವಳ ಎರಡೂ ಕೈಯಲ್ಲಿ ಸಂತೆಯಿಂದ ತಂದ ಕ್ಯಾರಿಬ್ಯಾಗುಗಳಿದ್ದವು.

ಮನೆಗೆ ಬಂದಮೇಲೆ ಅಪ್ಪ ಕೇಳಿದ.

"ಎಷ್ಟ ದಿವಸಲೇ ಇದು?"

"ಜೀವಮಾನ ಪೂರ್ತಿ, ಅಪ್ಪಾ."

"ಹಂಗಲ್ಲ. ತಾರೀಖ ಹೇಳು."

ಅಪ್ಪನ ಅನುಮಾನಕ್ಕೆ ಇತಿಹಾಸದ ಬೆಂಬಲವಿತ್ತು. ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುವ ನನ್ನ ವ್ರತ ಮೂರನೆಯ ದಿನ ಮುಗಿದಿತ್ತು. ಹೊಲಕ್ಕೆ ಸೈಕಲ್ಲಿನಲ್ಲೇ ಹೋಗುತ್ತೇನೆ ಎಂಬ ಪ್ರತಿಜ್ಞೆ ಮೊದಲ ಪಂಕ್ಚರಿನ ಜೊತೆ ಗಾಳಿ ಬಿಟ್ಟಿತ್ತು. ನೀರಿಗೆಂದು ತಂದ ಸ್ಟೀಲ್ ಬಾಟಲಿಯಿಂದ ಅವ್ವ ಕರುವಿಗೆ ಔಷಧ ಕುಡಿಸುತ್ತಿದ್ದಳು. ಅಡುಗೆಮನೆಯ ಕಸದಿಂದ ಗೊಬ್ಬರ ಮಾಡಲು ತೋಡಿದ ಗುಂಡಿಯಲ್ಲಿ ಪಕ್ಕದ ಮನೆಯ ಕೋಳಿ ಕಾವಿಗೆ ಕುಳಿತು, ಹತ್ತಿರ ಹೋದವರನ್ನು ಕುಕ್ಕುತ್ತಿತ್ತು. ಒಳ್ಳೆಯ ಅಭ್ಯಾಸಗಳು ನಮ್ಮ ಮನೆಗೆ ನೆಂಟರ ಹಾಗೆ ಬರುತ್ತವೆ. ಎರಡು ದಿನ ಸಡಗರ. ಮೂರನೆಯ ದಿನ ಬಸ್ಸು ಎಷ್ಟು ಹೊತ್ತಿಗಿದೆ ಎಂದು ನಾವೇ ವಿಚಾರಿಸುತ್ತೇವೆ.

ಹೀಗಾಗಿ ಈ ಸಲ ನಾನು ಶಾಸ್ತ್ರೀಯವಾಗಿ ಯೋಚಿಸಿದೆ. ಬಟ್ಟೆಯ ಚೀಲದ ಅಭ್ಯಾಸ ಯಾಕೆ ನಿಲ್ಲುವುದಿಲ್ಲ? ಮನೆಗೆ ಒಂದೇ ಚೀಲ ಇರುತ್ತದೆ. ನಾವು ಸಂತೆಯಲ್ಲಿದ್ದಾಗ ಅದು ಗೂಟದಲ್ಲಿರುತ್ತದೆ. ಹಾಗಾದರೆ ಚೀಲಗಳೇ ಹೆಚ್ಚಾಗಬೇಕು! ಎತ್ತ ತಿರುಗಿದರೂ ಚೀಲ ಕಾಣಬೇಕು!

ಮುಹೂರ್ತವೂ ಕೂಡಿ ಬಂದಿತ್ತು. ಅಕ್ಕ ಏಳು ತಿಂಗಳ ಬಸುರಿ. ಅವಳ ಕುಬಸದ ಕಾರ್ಯವನ್ನು ನಮ್ಮ ಮನೆಯಲ್ಲೇ ಮಾಡುವುದೆಂದು ನಿಶ್ಚಯವಾಗಿತ್ತು. ಹಸಿರು ಸೀರೆ, ಹಸಿರು ಬಳೆ, ಆರತಿ, ಹೋಳಿಗೆ ಊಟ. ಅಕ್ಕನನ್ನು ಕೊಟ್ಟಿರುವುದು ಹೊಳೆಯಾಚೆ ಜುಗೂಳಕ್ಕೆ. ಅಲ್ಲಿಂದ ಬೀಗತಿ ಗಂಗವ್ವನ ಮುಂದಾಳತ್ವದಲ್ಲಿ ಹೆಂಗಸರ ತಂಡ ಬರುವುದಿತ್ತು. ಬಂದ ಹೆಂಗಸರಿಗೆಲ್ಲ ಉಡಿ ತುಂಬಿ ಕಳಿಸುವಾಗ ಕಾಯಿ, ಅಕ್ಕಿ, ಉಂಡಿ ಎಲ್ಲವನ್ನೂ ಕ್ಯಾರಿಬ್ಯಾಗಿಗೆ ಸುರಿದು ಕೊಡುವುದು ಎಲ್ಲ ಕಡೆಯ ರೂಢಿ. ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬಟ್ಟೆಯ ಚೀಲ! ಯಾರಿಗೂ ಮೊದಲೇ ಹೇಳುವುದಿಲ್ಲ. ಅವ್ವನಿಗೂ ಹೇಳುವುದಿಲ್ಲ. ಅವಳ ಕಣ್ಣಲ್ಲಿ ಹೆಮ್ಮೆಯ ನೀರು ನೋಡಬೇಕೆಂಬ ಆಸೆ. ನೀರು ನೋಡಿದೆ, ಅದು ಮುಂದಿನ ಮಾತು.

ಬಟ್ಟೆ ಎಲ್ಲಿದೆ ಎಂಬುದು ಗೊತ್ತಿತ್ತು. ಮಂಚದ ಕೆಳಗೆ ಅವ್ವನ ತಗಡಿನ ಟ್ರಂಕು. ಅದರಲ್ಲಿ ಮೂವತ್ತೆರಡು ಜಂಪರ್ ಪೀಸುಗಳು, ಅಂದರೆ ರವಿಕೆಯ ಬಟ್ಟೆಗಳು. ಮದುವೆ, ಹೊಸ ಮನೆಯ ಶಾಂತಿ, ಕುಬಸ, ಎಲ್ಲಿಗೆ ಹೋದರೂ ಮರ್ಯಾದೆಗೆ ಕೊಡುವ ಆಯೇರದಲ್ಲಿ ಅವ್ವನಿಗೆ ಒಂದು ಪೀಸು ಬರುತ್ತದೆ. ಅವಳು ಅದನ್ನು ಹೊಲಿಸುವುದಿಲ್ಲ, ಟ್ರಂಕಿಗೆ ಹಾಕುತ್ತಾಳೆ. ಗಂಡಸರಿಗೆ ಬರುವುದು ಟಾವೆಲ್ಲು, ಟೋಪಿ. ನಾವು ಟಾವೆಲ್ಲಿನಲ್ಲಿ ಮೈ ಒರೆಸಿ ವ್ಯವಹಾರ ಮುಗಿಸುತ್ತೇವೆ. ಹೆಂಗಸರ ವ್ಯವಹಾರ ಮುಗಿಯುವುದೇ ಇಲ್ಲ ಎಂಬುದು ನನಗೆ ಹೇಗೆ ತಿಳಿಯಬೇಕು? ನನ್ನ ಕಣ್ಣಿಗೆ ಕಂಡದ್ದು ಇಷ್ಟೇ: ಬಳಕೆಯಾಗದೆ ಕೊಳೆಯುತ್ತಿರುವ ಬಟ್ಟೆ. ಇಂಥ ವ್ಯರ್ಥವನ್ನು ಕಂಡು ಜವಾಬ್ದಾರಿಯುತ ನಾಗರಿಕ ಸುಮ್ಮನಿರಬಹುದೇ?

ಅವ್ವ ಅಪ್ಪ ಇಬ್ಬರೂ ಬೀಗರನ್ನು ಕರೆಯಲು ಜುಗೂಳಕ್ಕೆ ಹೋದ ದಿನ ಟ್ರಂಕು ಎಳೆದೆ. ಪೀಸುಗಳನ್ನು ಬಹಳ ನೀಟಾಗಿ ಒಂದರ ಮೇಲೊಂದು, ನಡುವೆ ಹಳೆ ಪೇಪರು ಹಾಕಿ ಜೋಡಿಸಿಟ್ಟಿದ್ದಳು. ಅವ್ವ ಶಿಸ್ತಿನ ಹೆಂಗಸು ಎಂದು ಮೆಚ್ಚಿಕೊಂಡು, ಆ ಶಿಸ್ತನ್ನು ಅರ್ಧ ತಾಸಿನಲ್ಲಿ ಮಂಚದ ತುಂಬ ಹರಡಿದೆ. ಚೀಲಕ್ಕೆ ಹಿಡಿಕೆ ಬೇಕಲ್ಲ? ಪ್ರತಿ ಪೀಸಿನ ನಟ್ಟನಡುವಿನಿಂದ ಎರಡು ಪಟ್ಟಿ ಕತ್ತರಿಸಿದೆ. ಯಾಕೆ ನಡುವಿನಿಂದ? ಅಂಚು ಹಾಳಾಗಬಾರದು ನೋಡಿ! ಚಂದದ ಅಂಚುಗಳಿದ್ದವು.

ಎಲ್ಲವನ್ನೂ ಕಟ್ಟಿಕೊಂಡು ಚಿಕ್ಕೋಡಿಗೆ ಹೋದೆ. ಗಾದಿ, ತಲೆದಿಂಬಿನ ಕವರು ಹೊಲಿಯುವ ಟೇಲರ್ ಒಬ್ಬ ಕನ್ನಡಕದ ಮೇಲಿಂದ ನೋಡಿದ.

"ತಮ್ಮಾ, ಇವು ಹೊಸಾವ ಅದಾವಲ್ಲೋ. ಮನ್ಯಾಗ ಕೇಳೀಯೇನು?"

"ಮನಿ ನಡಸಾಂವ ನಾನಽ ರೀ."

"ಲಗ್ನ ಆಗೇತೇನು?"

"ಇಲ್ರಿ."

"ಅದಕ್ಕಽ ಹಿಂಗ ಮಾತಾಡಾಕತ್ತಿ," ಎಂದು ಮಷೀನು ತುಳಿದ. ನಡುವಿನ ಕಿಂಡಿಗಳನ್ನು ಮಡಚಿ, ಮುಚ್ಚಿ, ಹೇಗೋ ಚೀಲಕ್ಕೆ ಒಂದು ಆಕಾರ ತಂದ. ಸಂಜೆಯ ಹೊತ್ತಿಗೆ ಮೂವತ್ತೆರಡು ಚೀಲಗಳು ತಯಾರು! ಗೋಣಿಚೀಲದಲ್ಲಿ ತುಂಬಿ ತಂದು ಬೋರಿನ ಮೋಟರ್ ಇಡುವ ಕೋಣೆಯಲ್ಲಿ ಬಚ್ಚಿಟ್ಟೆ. ಆ ದಿನ ನನ್ನನ್ನು ನಾನು ಬಹಳ ಗೌರವದಿಂದ ನೋಡಿಕೊಂಡೆ.

ಕುಬಸದ ದಿನ ಬಂತು. ಅಂಗಳದಲ್ಲಿ ಪೆಂಡಾಲು. ಪಡಸಾಲೆಯ ನಡುವೆ ಹಸಿರು ಸೀರೆಯಲ್ಲಿ ಅಕ್ಕ. ಎದುರಿಗೆ ಜುಗೂಳದವರ ಸಾಲು, ಸಾಲಿನ ತುದಿಯಲ್ಲಿ ಗಂಗವ್ವ. ಆಕೆ ಮೂರು ಮಾರು ದೂರದಿಂದಲೇ ಸೀರೆಯ ಜರಿ ಬಣ್ಣ ಬಿಡುತ್ತದೋ ಇಲ್ಲವೋ ಹೇಳಬಲ್ಲವಳು. ಬಂದ ಅರ್ಧ ತಾಸಿನಲ್ಲಿ ನಮ್ಮ ಮನೆಯ ಪರದೆಯ ಬಟ್ಟೆ ಯಾವುದು, ಅದು ಮೊದಲು ಏನಾಗಿತ್ತು ಎಂಬುದನ್ನು ಕಂಡುಹಿಡಿದಿದ್ದಳು.

ಆರತಿ ಆಯಿತು. ಒಳಗಿನಿಂದ ಅವ್ವ ಕರೆದಳು.

"ಪರಶ್ಯಾ, ಮಂಚದ ಬುಡಕಿನ ಟ್ರಂಕ್ ಎಳಕೊಂಡ ಬಾ. ಉಡಿ ತುಂಬೂ ಹೊತ್ತಾತು."

"ಟ್ರಂಕ್ ಯಾಕವ್ವಾ?"

"ಜಂಪರ್ ಪೀಸ್ ಬ್ಯಾಡೇನು? ಬರೇ ಕಾಯಿ ಕೊಟ್ಟ ಕಳಸೂನೇನ ಬೀಗರ್ನ?"

ನನ್ನ ತಲೆಯಲ್ಲಿ ಏನೋ ಒಂದು ನಿಧಾನವಾಗಿ ಬಿರುಕು ಬಿಟ್ಟಿತು. ಟ್ರಂಕು ತಂದೆ. ಒಂದೇ ಕೈಯಲ್ಲಿ ಎತ್ತಿ ತಂದೆ. ಅವ್ವನ ಮುಖ ಬದಲಾದದ್ದು ಮುಚ್ಚಳ ತೆಗೆದಾಗಲ್ಲ, ಅದನ್ನು ನಾನು ಒಂದೇ ಕೈಯಲ್ಲಿ ಎತ್ತಿದ್ದನ್ನು ನೋಡಿದಾಗ.

ಒಳಗೆ ಹಳೆ ಪೇಪರುಗಳಿದ್ದವು. ಪೇಪರಿನ ಮೇಲೆ ಬಣ್ಣಬಣ್ಣದ ದಾರ, ನಾಲ್ಕು ಚಿಂದಿ.

ಪಕ್ಕದ ಮನೆಯ ಸುಶೀಲಾ ಕಾಕು ಬಗ್ಗಿ ನೋಡಿದಳು. "ಅಯ್ಯ ಯವ್ವಾ, ಇಲಿ ಬಿದ್ದಾವೇನ?"

"ಇಲಿ ಅಲ್ಲ ಕಾಕು."

"ಮತ್ತೇನು?"

"ಪರಿಸರ," ಎಂದೆ.

ಅವ್ವ ಕೂಗಾಡಲಿಲ್ಲ. ಗೋಡೆಯ ಆಚೆ ಬೀಗರಿದ್ದರು. ಪಿಸುಮಾತಿನಲ್ಲಿ ಬೈದಳು. ನಾನು ಇಡೀ ಊರಿನ ಧ್ವನಿ ಮಾಡುತ್ತೇನೆ, ಆದರೆ ಆ ಪಿಸುಮಾತು ಇಂದಿಗೂ ನನ್ನ ಗಂಟಲಿಗೆ ದಕ್ಕಿಲ್ಲ. ಕಣ್ಣಲ್ಲಿ ನೀರು ಬಂತು. ಹೆಮ್ಮೆಯದ್ದಲ್ಲ.

"ಸುಮ್ನ ಬಿದ್ದಿದ್ದುವಲ್ಲವ್ವಾ, ಬಳಸದಽನ..."

"ಯಾರ ಹೇಳಿದ್ರ ನಿನಗ ಬಳಸಿಲ್ಲಂತ? ಇಪ್ಪತ್ತೈದ ವರ್ಸದಿಂದ ಬಳಸಾಕತ್ತೀನಿ! ನಿಮ್ಮಕ್ಕ ಹೊಟ್ಯಾಗಿದ್ದಾಗ ನನ್ನ ಕುಬಸಕ್ಕ ಬಂದಿದ್ದೂ ಅದರಾಗ ಇತ್ತೋ ಮಂಗ್ಯಾ! ಹದಿನೈದ ದಿನಾ ಕುಂತ ಯಾರಿಗಿ ಯಾವುದಂತ ಹಚ್ಚಿ ಇಟ್ಟಿದ್ನಿ!"

ಆಗ ನನಗೆ ನಮ್ಮ ಸೀಮೆಯ ಒಂದು ಮಹಾನ್ ವ್ಯವಸ್ಥೆಯ ದರ್ಶನವಾಯಿತು. ಆಯೇರದಲ್ಲಿ ಬಂದ ಜಂಪರ್ ಪೀಸು ಮುಂದಿನ ಆಯೇರಕ್ಕೆ ಹೋಗುತ್ತದೆ. ಅಂಕಲಿಯಿಂದ ರಾಯಬಾಗಕ್ಕೆ, ರಾಯಬಾಗದಿಂದ ಅಥಣಿಗೆ, ಅಲ್ಲಿಂದ ಕಾಗವಾಡದ ಯಾವುದೋ ಮದುವೆಗೆ. ಒಂದು ಹನಿ ನೀರು ಸೋಕದೆ, ಮಡಿಕೆ ಬಿಚ್ಚದೆ ಅದು ವರ್ಷಗಟ್ಟಲೆ ಓಡಾಡುತ್ತದೆ. ನಿಯಮ ಒಂದೇ: ಕೊಟ್ಟವರ ಕೈಗೆ ಅದೇ ಪೀಸು ವಾಪಸು ಹೋಗಬಾರದು. ಹೋದರೆ ಜನ್ಮದ ಅವಮಾನ. ಅದಕ್ಕಾಗಿಯೇ ಅವ್ವ ಹದಿನೈದು ದಿನ ಕುಳಿತು ಯಾರಿಗೆ ಯಾವುದೆಂದು ವಿಂಗಡಿಸಿಟ್ಟಿದ್ದು. ಪರಿಸರ ಎಂಬ ಶಬ್ದವನ್ನೇ ಎತ್ತದೆ ಈ ಹೆಂಗಸರು ನಾಲ್ಕಾರು ತಾಲೂಕುಗಳಲ್ಲಿ ನಡೆಸಿಕೊಂಡು ಬಂದ ಒಂದು ಅಭ್ಯಾಸವಿತ್ತು. ನಾನು ಅದರ ನಟ್ಟನಡುವೆ ಎರಡು ಪಟ್ಟಿ ಕತ್ತರಿಸಿದ್ದೆ.

"ಅರಿವಿ ಅಂಗಡಿಗಿ ಓಡಿ ಹೊಸಾವ ತರ್ತೇನಿ," ಎಂದು ಹಿತ್ತಲಿನಿಂದ ಹೊರಬಿದ್ದೆ. ಅಂಗಡಿಗೆ ಬೀಗ. ವಾಪಸು ಬಂದು ನೋಡಿದರೆ ಅಂಗಡಿಯ ಮಾಲಕ ನಮ್ಮ ಪೆಂಡಾಲಿನಲ್ಲೇ, ಮೊದಲ ಪಂಕ್ತಿಯಲ್ಲಿ, ಮೂರನೆಯ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ.

"ಕಾಕಾ, ಅಂಗಡಿ ಕೀಲಿ ಕೊಡ್ರಿ!"

"ಕೀಲಿ ಮಗನ ಕಿಸೇದಾಗ ಐತಿ."

"ಮಗಾ ಎಲ್ಲಿ ಅದಾನ್ರಿ?"

"ಮಿರಜಿಗಿ ಹೋಗ್ಯಾನ, ಮಾಲ ತರಾಕ. ಯಾಕಪಾ, ಏನರ ಬೇಕಿತ್ತೇನ? ನಾಳಿ ಬಾ, ಛಲೋ ವರೈಟಿ ಬರ್ತಾವ."

ಮೋಟರ್ ಕೋಣೆಯಿಂದ ಗೋಣಿಚೀಲ ಹೊತ್ತು ತಂದೆ. ಸುಶೀಲಾ ಕಾಕು ಕೈ ಕಟ್ಟಿ ಕೂರುವವಳಲ್ಲ. "ಹೊಲಿಗಿ ಬಿಚ್ಚಿದ್ರ ಮತ್ತ ಪೀಸ್ ಆಕ್ಕೈತಿ, ಬ್ಲೇಡ್ ತಾರೋ," ಎಂದಳು. ಒಂದು ಚೀಲದ ಹೊಲಿಗೆ ಬಿಚ್ಚಿ, ಬಟ್ಟೆ ಕೊಡವಿ, ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ನಡುವಿನ ಕಿಂಡಿಯಿಂದ ಅವಳ ಮುಖ ಕಂಡಿತು. ಆ ಕಿಂಡಿಯಿಂದಲೇ ನನ್ನನ್ನು ಬಹಳ ಹೊತ್ತು ನೋಡಿದಳು.

ಅಷ್ಟರಲ್ಲಿ ಅಕ್ಕ ನೀರು ಕುಡಿಯುವ ನೆಪ ಹೇಳಿ ಒಳಗೆ ಬಂದಳು. ಗೋಣಿಚೀಲ ನೋಡಿದಳು, ಟ್ರಂಕು ನೋಡಿದಳು, ನನ್ನನ್ನು ನೋಡಿದಳು. ಹುಟ್ಟಿದಾಗಿನಿಂದ ನನ್ನನ್ನು ಬಲ್ಲವಳು, ವಿವರಣೆ ಬೇಕಾಗಲಿಲ್ಲ.

"ಪರಶ್ಯಾ, ನಿಂದೇನು, ನೀ ಎಮ್ಮಿ ದನಿ ತಗದ ಬದಕ್ತಿ. ಇವರ ಜೋಡಿ ಬಾಳೇ ಮಾಡಾಕಿ ನಾ. 'ತವರಮನ್ಯಾಗ ಒಂದ ಜಂಪರ್ ಪೀಸಿಗಿ ಗತಿ ಇರಲಿಲ್ಲ' ಅಂತ ನನ್ನ ಮಗಾ ಮದವಿಗಿ ಬರೂತನಕಾ ಕೇಳಬೇಕು ನಾ!"

ನಾನು ಗೋಣಿಚೀಲದ ಬಾಯಿ ಕಟ್ಟಿದೆ, ಮತ್ತೆ ಬಿಚ್ಚಿದೆ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ತಾ ಇಲ್ಲೆ ಆ ಚೀಲಾನ," ಎಂದಳು. ಎತ್ತಿಕೊಂಡು, ನೇರ ನಡೆದು, ಗಂಗವ್ವನ ಹಣೆಗೆ ಕುಂಕುಮ ಹಚ್ಚಿ, ಉಡಿ ತುಂಬಿ, ಮೇಲೊಂದು ಚೀಲ ಇಟ್ಟಳು. ಆಮೇಲೆ ಸಾಲಿನ ಉದ್ದಕ್ಕೂ ಅದೇ ರೀತಿ. ಹಿಡಿಕೆ ನೇತಾಡುವ ಆಯೇರವನ್ನು ನಮ್ಮ ಪಡಸಾಲೆ ಮೊದಲ ಬಾರಿ ಕಂಡಿತು.

"ಅಂಕಲಿ ಬೀಗರು ಭಾಳ ಮಾಡರ್ನ್ ಆಗ್ಯಾರ," ಎಂದು ಗಂಗವ್ವ ಚೀಲವನ್ನು ಹಿಂದೆ ಮುಂದೆ ತಿರುಗಿಸಿದಳು. ಆಮೇಲೆ ಅವಳ ಹೆಬ್ಬೆರಳು ಅಂಚಿನ ಮೇಲೆ ನಿಂತಿತು. ನಾನು ಬಹಳ ಜತನದಿಂದ ಉಳಿಸಿದ ಅಂಚು!

"ಈ ನವಲಿನ ಅಂಚು ನಂದಲಾ? ನನ್ನ ಮಗಳ ಮದವ್ಯಾಗ ನಿಮಗ ನಾನಽ ಕೊಟ್ಟಿದ್ನಿ."

ಕೊಟ್ಟವರ ಕೈಗೇ ವಾಪಸು! ಅದೂ ಕತ್ತರಿಸಿ, ಹೊಲಿದು, ಹಿಡಿಕೆ ಹಚ್ಚಿ! ಅವ್ವ ಕುಂಕುಮದ ಬಟ್ಟಲನ್ನು ಎದೆಗೆ ಒತ್ತಿಕೊಂಡಳು. ಅಕ್ಕ ಕಣ್ಣು ಮುಚ್ಚಿಕೊಂಡಳು.

ಆಗ ಗಂಗವ್ವನ ಪಕ್ಕದಲ್ಲಿದ್ದ ಅವಳ ನಾದಿನಿ ಶಾಂತಕ್ಕ ಚೀಲದ ಮೇಲೆ ಬಗ್ಗಿದಳು. ಪಾಪದ ಹೆಂಗಸು, ಒಳಗೊಂದು ಹೊರಗೊಂದು ಗೊತ್ತಿಲ್ಲ.

"ವೈನಿ, ಇದು ನಿಮ್ಮ ಮನಿ ಶಾಂತಿಗಿ ನಾ ನಿಮಗ ಕೊಟ್ಟಿದ್ದಲ್ರಿ? ಹೊಲಿಸಿಲ್ಲೇನ್ರಿ?"

ಗಂಗವ್ವನ ಹೆಬ್ಬೆರಳು ಅಂಚಿನ ಮೇಲಿಂದ ಮೆಲ್ಲಗೆ ಸರಿಯಿತು.

"ಕೊಡ್ರಿಲ್ಲೆ ನೋಡೂನು," ಎಂದು ರಾಯಬಾಗದಿಂದ ಬಂದಿದ್ದ ಒಬ್ಬ ಮುದುಕಿ ಕೈ ಚಾಚಿದಳು. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಹಿರಿಯಳು. ಚೀಲವನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. "ಯವ್ವಾ, ಇದು ಶಾಂತವ್ವಂದೂ ಅಲ್ಲ. ನಿಪ್ಪಾಣ್ಯಾಗ ನಾ ತಂದದ್ದು, ನನ್ನ ದೊಡ್ಡ ಮಗನ ಮದವಿಗಿ. ಅಂವಗ ಈಗ ಮೊಮ್ಮಕ್ಕಳ ಅದಾವ!"

ಇನ್ನೇನು ಉಳಿಯಿತು! ಸಾಲಿನಲ್ಲಿದ್ದ ಎಲ್ಲರೂ ತಮ್ಮ ತಮ್ಮ ಚೀಲಗಳನ್ನು ತಿರುಗಿಸಿ ನೋಡತೊಡಗಿದರು. "ಏ, ಇದು ನಾ ಇಕೀಗಿ ಕೊಟ್ಟಿದ್ನಿ, ನಿನ್ನ ಕೈಯಾಗ ಹೆಂಗ ಬಂತು?" "ನನಗೇನ ಗೊತ್ತ, ನನಗ ಸೊಲ್ಲಾಪುರದಾಕಿ ಕೊಟ್ಲು!" "ಅಯ್ಯ, ರೇಶ್ಮಿ ಐತಿ ಅಂದಿದ್ದೆಲ್ಲಾ!" ಇಪ್ಪತ್ತೈದು ವರ್ಷ ಮಡಿಕೆಯೊಳಗಿದ್ದ ಗುಟ್ಟುಗಳೆಲ್ಲ ಹಿಡಿಕೆ ಸಮೇತ ಹೊರಗೆ ಬಂದವು. ಐದು ನಿಮಿಷದಲ್ಲಿ, ಬಾಯಿ ತೆರೆಯುವ ಹಕ್ಕು ಯಾರಿಗೂ ಉಳಿಯಲಿಲ್ಲ.

ಎಲ್ಲರ ಕಣ್ಣು ಗಂಗವ್ವನ ಮೇಲೆ. ಆಕೆ ಮುದುಕಿಯ ಕೈಯಿಂದ ಚೀಲ ವಾಪಸು ತೆಗೆದುಕೊಂಡು ಹಿಡಿಕೆ ಎರಡು ಸಲ ಜಗ್ಗಿ ನೋಡಿದಳು.

"ಹೊಲಿಗಿ ಘಟ್ಟಿ ಐತಿ," ಎಂದಳು. ಸಾಲಿಗೆ ಸಾಲೇ ನಕ್ಕಿತು.

ಅಕ್ಕ ಕಣ್ಣು ತೆರೆದಳು. ಅವ್ವ ಬಟ್ಟಲು ಕೆಳಗಿಟ್ಟಳು. ನಾನು ಉಸಿರು ಬಿಟ್ಟೆ. ಇಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಎಲ್ಲರೂ ನಗುತ್ತಿದ್ದಾರಲ್ಲ, ನನ್ನ ಅಭಿಯಾನ ಗೆದ್ದಿತು ಎಂದುಕೊಂಡು ಪಡಸಾಲೆಗೆ ಬಂದು ಎದೆ ಉಬ್ಬಿಸಿ ನಿಂತೆ. ಹೆಂಗಸರು ಎದ್ದು ಹೊರಡುವ ಸಡಗರದಲ್ಲಿದ್ದರು. ಒಬ್ಬೊಬ್ಬರೂ ಚೀಲವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಸೇರಿಸಿದರು. ಆಮೇಲೆ ರಾಯಬಾಗದ ಮುದುಕಿ ನನ್ನ ಕಡೆ ತಿರುಗಿ, "ತಮ್ಮಾ, ಕಾಯಿ ಉಂಡಿ ಹಾಕ್ಕೊಳ್ಳಾಕ ಒಂದ ಕ್ಯಾರಿಬ್ಯಾಗ್ ಕೊಡಪಾ," ಎಂದಳು.

"ಚೀಲ ಐತಲ್ರೀ ಆಯಿ! ಅದಕ್ಕಂತಽನ ಮಾಡಿದ್ದು. ಅದರಾಗ ಹಾಕ್ರಿ!"

ಮುದುಕಿ ನನ್ನನ್ನು ಕನಿಕರದಿಂದ ನೋಡಿದಳು.

"ಹುಚ್ಚ ಅದೀಯೇನ? ಆಯೇರದ್ದದು. ಕಾಯಿ ಹಾಕಿದ್ರ ಹೊಲಸ ಆಗೂದಿಲ್ಲ? ಮುಂದ ಯಾರಿಗರ ಕೊಡಾಕ ಬೇಕಾಗ್ತೈತಿ."

ಉಳಿದವರೂ ತಲೆಯಾಡಿಸಿದರು. ಶಾಲೆಯ ಅಂಗಳದಲ್ಲಿ ಮೈಕು ಹಿಡಿದು ಗರ್ಜಿಸಿದ ನಾನು ಕಿರಾಣಿ ಅಂಗಡಿಗೆ ಓಡಿದೆ. ಕ್ಯಾರಿಬ್ಯಾಗಿನ ಒಂದು ಇಡೀ ಕಟ್ಟು ತಂದೆ. ನನ್ನ ಕೈಯಾರೆ ಬಾಯಿ ಬಿಡಿಸಿ ಬಿಡಿಸಿ, ಒಬ್ಬೊಬ್ಬರಿಗೂ ಹಿಡಿದು ನಿಂತೆ. ಗಂಗವ್ವ ಎರಡು ತೆಗೆದುಕೊಂಡಳು. ಕಾಯಿ ಭಾರವಿತ್ತು.

ನನ್ನ ಚೀಲಗಳು ಈಗ ಸುಖವಾಗಿವೆ. ಒಂದು ಹೊಳೆಯಾಚೆಯ ಅನಂತಪುರದ ಮದುವೆಯಲ್ಲಿ ಕಂಡಿತೆಂದು ಸುದ್ದಿ. ಇನ್ನೊಂದು ಅಥಣಿಗೆ ಹೋಗಿ, ಅಲ್ಲಿಂದ ಮುಂದಕ್ಕೆ ಹೊರಟಿದೆಯಂತೆ. ಅವುಗಳಲ್ಲಿ ಇಂದಿನವರೆಗೆ ಒಂದೇ ಒಂದು ಬದನೆಕಾಯಿ ಪ್ರಯಾಣ ಮಾಡಿಲ್ಲ. ಇಂಥ ಅಭ್ಯಾಸಗಳು ಬಾಳುತ್ತವೆಯೇ ಎಂದು ಯಾರಾದರೂ ಕೇಳಿದರೆ ನಾನು ಅಧಿಕೃತವಾಗಿ ಹೇಳಬಲ್ಲೆ: ಆ ಚೀಲಗಳು ನನ್ನ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತವೆ. ಬಳಸಿದರೆ ತಾನೇ ಹರಿಯುವುದು!

ಅವ್ವನ ಟ್ರಂಕು ಮಾತ್ರ ಖಾಲಿ ಇತ್ತು. ಮುಂದಿನ ತಿಂಗಳು ಓಣಿಯಲ್ಲೇ ಎರಡು ಮದುವೆ. ಖಾಲಿ ಕೈಯಲ್ಲಿ ಹೋಗಲು ಬರುವುದಿಲ್ಲ. "ಕೆಡಿಸಿದಾಂವಽ ತುಂಬಲಿ" ಎಂದು ಅಪ್ಪ ತೀರ್ಪು ಕೊಟ್ಟ. ನಿಪ್ಪಾಣಿಗೆ ಹೋಗಿ, ಅವ್ವ ಹೇಳಿದ ಬಣ್ಣ, ಅವ್ವ ಹೇಳಿದ ಅಂಚು ಹುಡುಕಿ ಮೂವತ್ತೆರಡು ಹೊಸ ಪೀಸು ತಂದೆ. ಈಗ ಎಲ್ಲ ಪ್ಯಾಕಿಂಗ್ ಕಾಲ. ಒಂದೊಂದು ಪೀಸಿಗೂ ಒಂದೊಂದು ಪ್ಲಾಸ್ಟಿಕ್ ಕವರು. ಮೂವತ್ತೆರಡನ್ನೂ ಸೇರಿಸಿ ಹಾಕಲು ಅಂಗಡಿಯವನು ಕೊಟ್ಟ ದೊಡ್ಡದೊಂದು ಬೇರೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಪರಿಚಯದ ಮುಖ ಕಂಡಾಗಲೆಲ್ಲ ಕಿಟಕಿಯ ಹೊರಗೆ ನೋಡುತ್ತ ಬಂದೆ.

ಅವ್ವ ಪಡಸಾಲೆಯಲ್ಲಿ ಕುಳಿತು ಪೀಸುಗಳನ್ನು ಒಂದೊಂದಾಗಿ ಹೊರಗೆ ತೆಗೆದಳು. ಕವರುಗಳನ್ನು ಅಂಗೈಯಿಂದ ಸವರಿ, ಗಾಳಿ ತೆಗೆದು, ಅಂಚಿಗೆ ಅಂಚು ಹೊಂದಿಸಿ ಮಡಚಿ, ಒಂದರ ಮೇಲೊಂದು ಜೋಡಿಸಿದಳು. ಕೊನೆಗೆ ಆ ದೊಡ್ಡದನ್ನೂ ಮಡಚಿ ಗಾದಿಯ ಕೆಳಗೆ ಸೇರಿಸಿದಳು.

"ಅವ್ಯಾಕವ್ವಾ?"

"ಬೇಕಾಗ್ತಾವ. ಯಾಕ ಒಗೀಬೇಕು?" ಎಂದಳು. ಆಮೇಲೆ ಕತ್ತೆತ್ತಿ ನನ್ನ ಕೈಗಳನ್ನು ನೋಡಿದಳು. "ನೀ ಮಾತ್ರ ಮುಟ್ಟಬ್ಯಾಡ."

ಪರಿಸರಕ್ಕೆ ನನ್ನಿಂದ ಆಗಬಹುದಾದ ದೊಡ್ಡ ಉಪಕಾರ ಅದೇ ಎಂದು ಒಪ್ಪಿಕೊಂಡು, ಕೈ ಹಿಂದೆ ಕಟ್ಟಿಕೊಂಡು ನಿಂತೆ.